ಸೆಲ್ಫ್ ಎತ್ತದ ಹಳೇ ಲಾರಿ: ಬ್ಯಾಟರಿ ಬದಲಿಸುವ ಮುಂಚೆ ನಾನು ಅಳೆಯುವುದು

ನವಿ ಮುಂಬೈನ ಕಳಂಬೋಲಿಯ ಸ್ಟೀಲ್ ಮಾರ್ಕೆಟ್ಟಿಗೆ ವಿಜಯಪುರ, ಕಲಬುರಗಿ ಕಡೆಯಿಂದ ಬರುವ ಡ್ರೈವರ್‌ಗಳು ಬೆಳಿಗ್ಗೆ ಕರೆದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಬ್ಯಾಟ್ರಿ ಕೂತೈತ್ರಿ, ಸೆಲ್ಫ್ ತಗೋವಲ್ದು." ಸೆಲ್ಫ್ ಅಂದರೆ ಇಂಜಿನ್ ತಿರುಗಿಸಿ ಚಾಲೂ ಮಾಡುವ ಸ್ಟಾರ್ಟರ್ ಮೋಟಾರ್. ಬ್ಯಾಟರಿ ನಿಜವಾಗಿ ಕೂತಿರುವುದೂ ಉಂಟು. ಆದರೆ ಈ ಖಾಡಿಯ (ಸಮುದ್ರದ ಹಿನ್ನೀರಿನ) ಪಕ್ಕದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆಯಲ್ಲಿ ಹಳೇ ಲಾರಿಗೆ ಮೊದಲು ಕೈಕೊಡುವುದು ಜಾಯಿಂಟುಗಳು, ಅದರಲ್ಲೂ ಅರ್ಥಿಂಗ್, ಅಂದರೆ ಕರೆಂಟು ಗಾಡಿಯ ಮೈ ಹಿಡಿದು ಬ್ಯಾಟರಿಯ ಮೈನಸ್‌ಗೆ ವಾಪಸಾಗುವ ದಾರಿ. ಹೊಸ ಬ್ಯಾಟರಿ ಹಾಕಿದ ಎರಡು ದಿನ ಗಾಡಿ ಚಾಲೂ ಆಗುತ್ತದೆ, ಮೂರನೇ ದಿನ ಅದೇ ಕಥೆ. ಅದಕ್ಕೇ ನಾನು ಅಳೆಯದೆ ಏನನ್ನೂ ಬದಲಿಸುವುದಿಲ್ಲ.

ಇಲ್ಲಿ ಹೇಳುವ ಅಂಕಿಗಳು 24 ವೋಲ್ಟ್ ಗಾಡಿಯವು, ಅಂದರೆ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿರುವ ಲಾರಿ. 12 ವೋಲ್ಟಿನ ಚಿಕ್ಕ ಗಾಡಿಯಾದರೆ, ಒಂದೊಂದು ಬ್ಯಾಟರಿಯ ಅಂಕಿ ಬಿಟ್ಟು ಉಳಿದ ವೋಲ್ಟೇಜನ್ನು ಅರ್ಧ ಮಾಡಿಕೊಳ್ಳಿ. ಸಾಮಾನು ಹೆಚ್ಚೇನಿಲ್ಲ: ಮಲ್ಟಿಮೀಟರ್, ಹೈಡ್ರೋಮೀಟರ್ (ಬ್ಯಾಟರಿ ಆಸಿಡ್ಡಿನ ಸಾಂದ್ರತೆ ಅಳೆಯುವುದು), 120 ನಂಬರಿನ ಎಮರಿ ಪೇಪರ್, ಸ್ಪ್ಯಾನರ್‌ಗಳು, ಮತ್ತು 24 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದ ಟೆಸ್ಟ್ ಲ್ಯಾಂಪ್. ಎಲ್‌ಇಡಿ ಟೆಸ್ಟರ್ ಬೇಡ. ಒಂದೇ ಎಳೆ ಉಳಿದ ವೈರಿನಲ್ಲೂ ಅದು ಝಗ್ಗನೆ ಉರಿದು ಮೋಸ ಮಾಡುತ್ತದೆ. ಬಲ್ಬು ಸುಮಾರು ಒಂದು ಆಂಪಿಯರ್ ಎಳೆಯುವುದರಿಂದ ಸವೆದ ವೈರಿನಲ್ಲಿ ಮಂಕಾಗಿ ನಿಜ ಹೇಳುತ್ತದೆ.

ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಟೈರಿಗೆ ಕಲ್ಲು ಕೊಟ್ಟು, ಡೀಸೆಲ್ ನಿಲ್ಲಿಸುವ ಸ್ಟಾಪ್ ಕೇಬಲ್ ಹೊರಗೆಳೆದು ಕಟ್ಟಿಡುತ್ತೇನೆ. ಹಾಗೆ ಮಾಡಿದರೆ ಸೆಲ್ಫ್ ತಿರುಗಿದರೂ ಇಂಜಿನ್ ಹಿಡಿಯುವುದಿಲ್ಲ, ನೆಮ್ಮದಿಯಾಗಿ ಅಳೆಯಬಹುದು. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ನಡುವೆ ಒಂದೆರಡು ನಿಮಿಷ ಬಿಡಬೇಕು. ಬ್ಯಾಟರಿ ಹತ್ತಿರ ಬೀಡಿ ಖಂಡಿತ ಕೂಡದು, ಅಲ್ಲಿಂದ ಹೊರಡುವುದು ಹೈಡ್ರೋಜನ್.

ಮೊದಲು ಕಿವಿಗೆ ಕೆಲಸ. ಕೀ ತಿರುಗಿಸಿದಾಗ ಟಕಟಕಟಕ ಎಂದು ಸದ್ದು ಬಂದರೆ ಸೊಲನಾಯ್ಡ್ (ಸೆಲ್ಫಿಗೆ ಕರೆಂಟು ಕೊಡುವ ಅಯಸ್ಕಾಂತದ ಸ್ವಿಚ್ಚು) ಎಳೆದುಕೊಳ್ಳುತ್ತಿದೆ, ಆದರೆ ಲೋಡ್ ಬಿದ್ದ ಕೂಡಲೇ ವೋಲ್ಟೇಜ್ ಕುಸಿದು ಬಿಟ್ಟುಬಿಡುತ್ತಿದೆ: ಬ್ಯಾಟರಿ ಅಥವಾ ಜಾಯಿಂಟ್. ಒಂದೇ ಒಂದು ಗಟ್ಟಿ 'ಟಕ್', ಆಮೇಲೆ ಮೌನ: ಸೊಲನಾಯ್ಡಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ, ಇಲ್ಲವೇ ಮೋಟಾರಿನೊಳಗಿನ ಕಾರ್ಬನ್ ಬ್ರಷ್ ಸವೆದಿದೆ. ಸದ್ದೇ ಇಲ್ಲದಿದ್ದರೆ ಕೀ ಸ್ವಿಚ್ಚಿನಿಂದ ಸೊಲನಾಯ್ಡಿನ 50ನೇ ನಂಬರಿನ ಟರ್ಮಿನಲ್‌ವರೆಗಿನ ಸಣ್ಣ ವೈರನ್ನು ಟೆಸ್ಟ್ ಲ್ಯಾಂಪ್ ಹಿಡಿದು ನೋಡಬೇಕು. ಮೋಟಾರ್ ಮಾತ್ರ ಗರ್ರನೆ ತಿರುಗಿ ಇಂಜಿನ್ ತಿರುಗದಿದ್ದರೆ ಬೆಂಡಿಕ್ಸ್ (ಸೆಲ್ಫನ್ನು ಇಂಜಿನ್ನಿಗೆ ಜೋಡಿಸುವ ಚಿಕ್ಕ ಗೇರು) ಅಥವಾ ಇಂಜಿನ್ನಿನ ಫ್ಲೈವೀಲ್ ಸುತ್ತಲಿನ ರಿಂಗ್ ಗೇರಿನ ಹಲ್ಲು ಕೆಟ್ಟಿದೆ.

ಇನ್ನು ಅಳತೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಪ್ರತಿ ಬ್ಯಾಟರಿಯನ್ನೂ ಬೇರೆಬೇರೆಯಾಗಿ ನೋಡಬೇಕು. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಎಂದರೆ ಅರ್ಧ, 12ರ ಕೆಳಗೆ ಇದ್ದರೆ ಮೊದಲು ಚಾರ್ಜ್ ಮಾಡಿ ಆಮೇಲೆ ಮಾತಾಡಬೇಕು. ಹೈಡ್ರೋಮೀಟರಿನಲ್ಲಿ ಒಂದು ಸೆಲ್ಲಿಗೂ ಪಕ್ಕದ್ದಕ್ಕೂ 0.050ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡು, ಚಾರ್ಜ್ ಮಾಡಿದ ಮೇಲೂ ಅದು ಹಾಗೇ ಉಳಿದರೆ ಆ ಬ್ಯಾಟರಿಯ ಆಯುಷ್ಯ ಮುಗಿದಿದೆ. ಸೆಲ್ಫ್ ಹೊಡೆಯುವಾಗ ಎರಡೂ ಸೇರಿ 19 ವೋಲ್ಟಿನ ಕೆಳಗೆ ಇಳಿಯಬಾರದು. ಒಂದು 11ರಲ್ಲಿ ನಿಂತು ಇನ್ನೊಂದು 8ಕ್ಕೆ ಬಿದ್ದರೆ ಕಳ್ಳ ಸಿಕ್ಕಂತೆ.

ಬ್ಯಾಟರಿ ಗಟ್ಟಿಯಿದೆ, ಆದರೂ ಸೆಲ್ಫ್ ಎತ್ತುತ್ತಿಲ್ಲ ಎಂದಾಗ ಬಹಳ ಜನ ಎಡವುವುದು ಇಲ್ಲೇ. ಸುಮ್ಮನೆ ನಿಂತ ಗಾಡಿಯಲ್ಲಿ ಸೆಲ್ಫಿನ ಬೋಲ್ಟಿಗೆ ಮೀಟರ್ ಹಿಡಿದು "24 ಬರ್ತಿದೆಯಲ್ಲ" ಎನ್ನುತ್ತಾರೆ. ಕರೆಂಟು ಹರಿಯದಿದ್ದಾಗ ಕಿಲುಬು ಹಿಡಿದ ಜಾಯಿಂಟಿನ ಆಚೆಗೂ ಪೂರ್ತಿ 24 ತೋರಿಸುತ್ತದೆ. ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್. 300 ಆಂಪಿಯರ್ ಹರಿಯುವ ದಾರಿಯಲ್ಲಿ ಒಂದು ಓಮಿನ ನೂರನೇ ಒಂದು ಪಾಲು ತಡೆಯಿದ್ದರೂ 3 ವೋಲ್ಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ಒಬ್ಬರು ಕೀ ತಿರುಗಿಸುತ್ತಿರುವಾಗಲೇ ಅಳೆಯಬೇಕು.

ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬದ ಮೇಲೆ (ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೆಯೇ), ಕಪ್ಪು ಕಡ್ಡಿ ಸೆಲ್ಫಿನ 30ನೇ ನಂಬರಿನ ದೊಡ್ಡ ಬೋಲ್ಟಿನ ಮೇಲೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿನ ಒಳಗೆ ತೋರಿಸಿದರೆ ಕೇಬಲ್ ಚೆನ್ನಾಗಿದೆ, ಒಂದು ದಾಟಿದರೆ ಕೆಟ್ಟಿದೆ. ಇನ್ನೊಂದು ಅಳತೆ ಬ್ಯಾಟರಿಯ ಮೈನಸ್ ಕಂಬಕ್ಕೂ ಸೆಲ್ಫಿನ ಮೈಗೂ ನಡುವೆ. ಇಲ್ಲೂ ಅರ್ಧ ವೋಲ್ಟಿನ ಒಳಗಿರಬೇಕು. ಎರಡು ಬ್ಯಾಟರಿ ಜೋಡಿಸುವ ತುಂಡು ಕೇಬಲ್ಲನ್ನೂ ಕಟ್‌ಆಫ್ ಸ್ವಿಚ್ಚನ್ನೂ ಮರೆಯಬಾರದು. ಕಂಬದಿಂದ ಲಗ್ಗಿಗೆ (ಕೇಬಲ್ ತುದಿಯ ಲೋಹದ ತುಂಡಿಗೆ), ಲಗ್ಗಿನಿಂದ ಚಾಸಿಗೆ, ಚಾಸಿಯಿಂದ ಇಂಜಿನ್ನಿಗೆ ಎಂದು ತುಂಡುತುಂಡಾಗಿ ಅಳೆಯುತ್ತಾ ಹೋದರೆ ವೋಲ್ಟ್ ಎಲ್ಲಿ ಸೋರುತ್ತಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಅರ್ಥಿಂಗ್ ಕೆಡಲು ಇಲ್ಲಿ ಇನ್ನೊಂದು ಕಾರಣವಿದೆ. ಪಾಸಿಂಗ್‌ಗೆ (ಆರ್‌ಟಿಒ ಫಿಟ್‌ನೆಸ್ ತಪಾಸಣೆಗೆ) ಒಯ್ಯುವ ಮುಂಚೆ ಚಾಸಿಗೆ ಬಣ್ಣ ಹೊಡೆಸುತ್ತಾರೆ. ಯಾರೋ ಬೋಲ್ಟ್ ಬಿಚ್ಚಿ ಬಣ್ಣದ ಮೇಲೆಯೇ ಲಗ್ ಕೂರಿಸಿ ಬಿಗಿ ಮಾಡಿರುತ್ತಾರೆ. ನೋಡಲು ಬಿಗಿ, ಕೆಲಸಕ್ಕೆ ಇಲ್ಲ. ಇಂಜಿನ್ನಿಂದ ಚಾಸಿಗೆ ಬರುವ ಹೆಣೆದ ತಾಮ್ರದ ಪಟ್ಟಿ ಹರಿದಿದ್ದರೆ ಕರೆಂಟು ಆಕ್ಸಿಲರೇಟರ್ ಕೇಬಲ್, ಸ್ಟಾಪ್ ಕೇಬಲ್ ಹಿಡಿದು ವಾಪಸು ಹೋಗುತ್ತದೆ. ಸೆಲ್ಫ್ ಹೊಡೆದ ಮೇಲೆ ಅವು ಕೈಗೆ ಬಿಸಿ ತಾಗಿದರೆ ಬೇರೆ ಸಾಕ್ಷಿ ಬೇಡ. ರಿಪೇರಿ ಹೀಗೆ: ಮೊದಲು ಮೈನಸ್ ಬಿಚ್ಚಿ, ಲಗ್ ತೆಗೆದು, ಚಾಸಿಯನ್ನು ಲೋಹ ಹೊಳೆಯುವವರೆಗೆ ಎಮರಿಯಿಂದ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿಮಾಡಿ, ಆಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿಯಬೇಕು. ಬ್ಯಾಟರಿ ಕಂಬದ ಬಿಳಿ-ಹಸಿರು ಬೂಷ್ಟಿಗೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಸಾಕು. ಮುಚ್ಚಳಗಳು ಭದ್ರವಾಗಿರಲಿ, ಸೋಡಾ ಸೆಲ್ಲಿನೊಳಗೆ ಇಳಿದರೆ ಆಸಿಡ್ ಹಾಳು. ಕೇಬಲ್ ಹೊಸದು ಹಾಕುವುದಾದರೆ 70 ಚದರ ಮಿಲಿಮೀಟರಿನ ತಾಮ್ರದ್ದೇ ಹಾಕಿ. ಲಗ್ಗನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಬೇಡಿ, ಕ್ರಿಂಪ್ ಮಾಡಿಸಿ.

ಸೆಲ್ಫಿನ ಒಳಗಿನದು ಬೇಗ ತಿಳಿಯುತ್ತದೆ. ಕೀ ತಿರುಗಿಸಿದಾಗ 30ನೇ ಬೋಲ್ಟಿಗೂ ಮೋಟಾರಿನ ಬೋಲ್ಟಿಗೂ ನಡುವೆ ಅಳೆಯಿರಿ. 'ಟಕ್' ಎಂದ ಮೇಲೂ ಪೂರ್ತಿ 24 ತೋರಿಸಿದರೆ ಕಾಂಟ್ಯಾಕ್ಟ್ ಸುಟ್ಟಿದೆ. ಸೊನ್ನೆಗೆ ಬಂದು, ಮೋಟಾರಿಗೆ ವೋಲ್ಟೇಜ್ ಮುಟ್ಟಿದರೂ ತಿರುಗದಿದ್ದರೆ ಕಾರ್ಬನ್ ನೋಡಿ. ಬುಷ್ (ಮೋಟಾರಿನ ಶಾಫ್ಟ್ ಕೂರುವ ಬಳೆ) ಸವೆದಿದ್ದರೆ ತಿರುಗುವ ಆರ್ಮೇಚರ್ ಸುತ್ತಲಿನ ಫೀಲ್ಡಿಗೆ ಉಜ್ಜಿ ಹೊಳೆಯುವ ಗುರುತು ಬಿಟ್ಟಿರುತ್ತದೆ. ಕಾರ್ಬನ್ ಮಾತ್ರ ಬದಲಿಸಿ ಬುಷ್ ಬಿಡುವುದು ದುಡ್ಡು ದಂಡ.

ಹಳೇ ಲಾರಿಗಳಲ್ಲಿ ನನಗೆ ತುಂಬ ಬೇಜಾರು ತರಿಸುವುದು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದು ಟೇಪು, ಮೊಬೈಲ್ ಚಾರ್ಜರ್, ಫ್ಯಾನು ನಡೆಸುವ ಅಭ್ಯಾಸ. ಆ ಬ್ಯಾಟರಿ ದಿನವೂ ಹೆಚ್ಚು ಖಾಲಿಯಾಗುತ್ತದೆ. ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡುವುದು ಒಟ್ಟು 28 ವೋಲ್ಟನ್ನು ಮಾತ್ರ. ಆದ್ದರಿಂದ ತುಂಬಿದ ಬ್ಯಾಟರಿಗೆ 15ರಷ್ಟು ಹೋಗಿ ಅದು ಕುದಿಯುತ್ತದೆ, ಖಾಲಿಯಾದದ್ದಕ್ಕೆ 13 ಮಾತ್ರ ಸಿಕ್ಕಿ ಅದು ಸಲ್ಫೇಟ್ ಹಿಡಿಯುತ್ತದೆ. ಒಂದು ನೀರು ಕುಡಿಯುತ್ತಾ, ಇನ್ನೊಂದು ಸೊರಗುತ್ತಾ ಎರಡೂ ಸಾಯುತ್ತವೆ. 24ರಿಂದ 12 ಮಾಡುವ ಕನ್ವರ್ಟರ್ ಹಾಕಿ. ಬ್ಯಾಟರಿ ಬದಲಿಸುವಾಗ ಒಂದೇ ಕಂಪನಿಯ, ಒಂದೇ ವಯಸ್ಸಿನ ಜೋಡಿ ಹಾಕಿ.

ಚಾರ್ಜಿಂಗ್ 1500 ಆರ್‌ಪಿಎಂನಲ್ಲಿ 27.5ರಿಂದ 28.5 ಇರಬೇಕು. 29 ದಾಟಿದರೆ ರೆಗ್ಯುಲೇಟರ್ ಹೋಗಿದೆ. ಕಡಿಮೆಯಾದರೆ ಮೊದಲು ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ರಾತ್ರಿಯಿಡೀ ನಿಂತ ಗಾಡಿಯ ಆಲ್ಟರ್ನೇಟರ್ ಬೆಳಿಗ್ಗೆ ಬೆಚ್ಚಗಿದ್ದರೆ ಡಯೋಡ್ ಸೋರುತ್ತಿದೆ.

ಗಣೇಶ ಹಬ್ಬದ ಹೊತ್ತಿಗೆ ಮುಂಬೈ–ಗೋವಾ ಹೆದ್ದಾರಿಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ ಬಿದ್ದು ಲಾರಿಗಳು ನಾಲ್ಕೈದು ದಿನ ನಿಂತಲ್ಲೇ ನಿಲ್ಲುತ್ತವೆ. ಎಲ್ಲಾದರೂ ಅರ್ಧ ಆಂಪಿಯರ್ ಸೋರುತ್ತಿದ್ದರೆ ದಿನಕ್ಕೆ 12 ಆಂಪಿಯರ್-ಅವರ್, ನಾಲ್ಕು ದಿನಕ್ಕೆ 48: ನೂರರ ಬ್ಯಾಟರಿ ಅರ್ಧ ಖಾಲಿ. ಮೈನಸ್ ಕೇಬಲ್ ಬಿಚ್ಚಿ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಜೋಡಿಸಿ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ. ಯಾವುದು ತೆಗೆದಾಗ 0.05ರ ಕೆಳಗೆ ಇಳಿಯಿತೋ ಆ ಲೈನಿನಲ್ಲಿದೆ ಸೋರಿಕೆ. ಮೀಟರ್ ಹಾಗೆ ಕೂತಿರುವಾಗ ಮಾತ್ರ ಕೀ ಮುಟ್ಟಬೇಡಿ, ಮೀಟರ್ ಸುಡುತ್ತದೆ.

ಸೆಲ್ಫ್ ಜೋರಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಅದು ವೈರಿಂಗಿನ ಮಾತಲ್ಲ. ಸ್ಟಾಪ್ ಕೇಬಲ್ ಪೂರ್ತಿ ಒಳಗೆ ಹೋಗಿದೆಯೇ ಎಂದು ಪಂಪಿನ ಲಿವರಿನ ಹತ್ತಿರವೇ ಕಣ್ಣಾರೆ ನೋಡಿ. ಆಮೇಲೆ ಡೀಸೆಲ್ ಫಿಲ್ಟರಿನ ಮೇಲಿನ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಡೀಸೆಲ್ ಒಂದೇ ಧಾರೆಯಾಗಿ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿ. ಗುಳ್ಳೆ ನಿಲ್ಲದಿದ್ದರೆ ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ಪೈಪು ಗಾಳಿ ಎಳೆಯುತ್ತಿದೆ, ಅದರ ವಾಷರ್ ಬದಲಿಸಿ.