ಮಲಗಿದರೆ ಹೆಚ್ಚುವ ಕಾಲಿನ ಸೆಳೆತ: ಬೆನ್ನಿನ ಗಡ್ಡೆಯ ಸಂಶಯ ಯಾವಾಗ ಬರಬೇಕು?

ಸೊಂಟದಿಂದ ಹೊರಟು ತೊಡೆಯ ಹಿಂಬದಿಯಲ್ಲಿಳಿದು ಪಾದದವರೆಗೆ ಸೆಳೆಯುವ ಸಯಾಟಿಕಾ ನೋವಿಗೆ ಬಹುಮಟ್ಟಿಗೆ ಡಿಸ್ಕ್ (ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ) ಜಾರಿರುವುದೇ ಕಾರಣ, ಮತ್ತು ಹೆಚ್ಚಿನವರಲ್ಲಿ ಅದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅಪರೂಪಕ್ಕೆ ಮಾತ್ರ ನರದ ಹೊದಿಕೆಯಲ್ಲಿ ಹುಟ್ಟುವ ಶ್ವಾನೋಮಾ ಎಂಬ ಗಡ್ಡೆ ಇದೇ ನೋವನ್ನು ತರುತ್ತದೆ. ಅದು ಕ್ಯಾನ್ಸರ್ ಅಲ್ಲ. ಆದರೆ ತೀರ ನಿಧಾನವಾಗಿ ಬೆಳೆಯುವುದರಿಂದ ವರ್ಷಗಟ್ಟಲೆ ಡಿಸ್ಕ್ ನೋವೆಂದೇ ಚಿಕಿತ್ಸೆ ನಡೆದುಬಿಡುವುದುಂಟು.

ಆದ್ದರಿಂದ ಮೊದಲು ಗಮನಿಸಬೇಕಾದದ್ದು ನೋವಿನ ಹೊತ್ತು. ಡಿಸ್ಕ್ ನೋವು ಸಾಮಾನ್ಯವಾಗಿ ಕುಳಿತಾಗ, ಬಗ್ಗಿದಾಗ ಹೆಚ್ಚಿ, ಮಲಗಿದರೆ ತಗ್ಗುತ್ತದೆ. ಗಡ್ಡೆಯ ನೋವು ಅನೇಕರಲ್ಲಿ ಇದಕ್ಕೆ ತಿರುವುಮುರುವು. ಹಾಸಿಗೆಗೆ ಬೆನ್ನು ತಾಗಿಸಿದ ಒಂದೆರಡು ಗಂಟೆಗಳಲ್ಲೇ ಎಚ್ಚರಗೊಂಡು, ಹಜಾರದಲ್ಲಿ ಅಡ್ಡಾಡಿ, ಕೊನೆಗೆ ಕುರ್ಚಿಯಲ್ಲಿ ಕುಳಿತೇ ಬೆಳಗು ಮಾಡುವವರು ಆ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು. ‘ಕಾಲು ಸೆಳೆಯುತ್ತದೆ’ ಎಂದಷ್ಟೇ ಹೇಳಿದರೆ ಅವರಿಗೆ ಇದು ತಿಳಿಯುವ ದಾರಿಯಿಲ್ಲ. ಎಷ್ಟು ಗಂಟೆಗೆ ಎದ್ದಿರಿ, ಯಾವ ಬೆರಳು ಮರಗಟ್ಟಿತು, ಚಪ್ಪಲಿ ಕಾಲಿನಿಂದ ಜಾರಿತೇ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಹೋಗುವುದು ಉತ್ತಮ.

ಎಕ್ಸ್‌ರೇಯಲ್ಲಿ ಈ ಗಡ್ಡೆ ಕಾಣುವುದಿಲ್ಲ, ಎಂಆರ್‌ಐ ಬೇಕು. ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುಖಂಡದ (ಬೆನ್ನೆಲುಬಿನ ಮೂಳೆಯ) ಬಳಿ ಮುಗಿದು, ಕಾಲಿನ ನರಗಳು ಅಲ್ಲಿಂದ ಕೆಳಗಿಳಿಯುತ್ತವೆಯಾದ್ದರಿಂದ, ಸೊಂಟದ ಕೆಳಭಾಗದ ಚಿತ್ರದಲ್ಲಿ ನೋವಿಗೆ ತಕ್ಕ ಕಾರಣ ಸಿಗದಿದ್ದರೆ ಅದಕ್ಕಿಂತ ಮೇಲಿನ ಭಾಗವನ್ನೂ ನೋಡಲಾಗಿದೆಯೇ ಎಂದು ಕೇಳಿ. ಸಂಶಯವಿದ್ದಲ್ಲಿ ಚಿತ್ರದಲ್ಲಿ ಗಡ್ಡೆಯನ್ನು ಬೆಳಗಿಸಿ ತೋರಿಸುವ ಗ್ಯಾಡೊಲಿನಿಯಂ ಚುಚ್ಚುಮದ್ದು ಕೊಟ್ಟು ಸ್ಕ್ಯಾನ್ ಮಾಡುತ್ತಾರೆ: ಗಡ್ಡೆಯ ಒಳಭಾಗವೂ ಬೆಳಗುತ್ತದೆ, ಆದರೆ ಕಳಚಿಬಿದ್ದ ಡಿಸ್ಕಿನ ತುಣುಕು ಸಾಮಾನ್ಯವಾಗಿ ಅಂಚಿನಲ್ಲಷ್ಟೇ ಬೆಳಗುತ್ತದೆ. ಮೂತ್ರಪಿಂಡದ ತೊಂದರೆ, ಗರ್ಭಧಾರಣೆ, ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ.

ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಗುದದ್ವಾರದ ಸುತ್ತ ಸ್ಪರ್ಶಜ್ಞಾನ ಹೋದರೆ, ಅಥವಾ ಕಾಲುಗಳ ಬಲ ಕುಗ್ಗುತ್ತಿದ್ದರೆ ಮರುದಿನದವರೆಗೆ ಕಾಯದೆ ಆಗಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ಗಡ್ಡೆ ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ಆಗಾಗ ಎಂಆರ್‌ಐ ಮಾಡಿಸುತ್ತ ಕಾಯಬಹುದು. ನೋವು ತಾಳಲಾರದಂತಾದರೆ ಅಥವಾ ಬಲ ಕುಗ್ಗಿದರೆ ನರಶಸ್ತ್ರಚಿಕಿತ್ಸಕರು ಸೂಕ್ಷ್ಮದರ್ಶಕದ ನೆರವಿನಿಂದ ಅದನ್ನು ತೆಗೆಯುತ್ತಾರೆ. ಬಹುಪಾಲು ಶ್ವಾನೋಮಾಗಳನ್ನು ಪೂರ್ತಿಯಾಗಿ ತೆಗೆಯಬಹುದು. ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ, ಗಡ್ಡೆ ಯಾವ ನರದ ಮೇಲಿದೆ, ಅದನ್ನು ತೆಗೆದರೆ ಪಾದದ ಯಾವ ಚಲನೆಗೆ ಅಪಾಯವಿದೆ, ಶಸ್ತ್ರಚಿಕಿತ್ಸೆ ನಡೆಯುವಾಗ ನರದ ಕೆಲಸವನ್ನು ಯಂತ್ರದಿಂದ ಗಮನಿಸುತ್ತಾರೆಯೇ ಎಂದು ಕೇಳಿ ತಿಳಿಯಿರಿ.