ಮಗಳಿಗೆ ಹದಿನೈದೂವರೆ ಆಯ್ತಾ? ಕ್ಯಾಲಿಫೋರ್ನಿಯಾದಲ್ಲಿ ಆನ್‌ಲೈನ್ ಕೋರ್ಸಿನಿಂದ ಪರ್ಮಿಟ್‌ವರೆಗೆ

ನಮ್ಮ ಮಗಳ ಕ್ಯಾಲೆಂಡರಿನಲ್ಲಿ ಹುಟ್ಟುಹಬ್ಬಕ್ಕಿಂತ ಅದಾದ ಆರು ತಿಂಗಳಿನ ತಾರೀಖಿಗೆ ಜಾಸ್ತಿ ಬಣ್ಣ ಬಳಿದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿಗೆ ಕಾರು ಕಲಿಯಲು ಲರ್ನರ್ ಪರ್ಮಿಟ್ ಸಿಗುವುದು 15 ವರ್ಷ 6 ತಿಂಗಳಿನಿಂದ. ನೀವು ಬೇರೆ ರಾಜ್ಯದಲ್ಲಿದ್ದರೆ ವಯಸ್ಸು, ಗಂಟೆ, ಫಾರಂ ಎಲ್ಲ ಬೇರೆ ಇರುತ್ತದೆ, ಅಲ್ಲಿನ ಸೈಟ್ ನೋಡಿಕೊಳ್ಳಿ. ನಾನು ಬರೆಯುತ್ತಿರುವುದು ಇಲ್ಲಿನ ಕಥೆ ಮಾತ್ರ.

ಮೊದಲಿಗೆ ಎಲ್ಲರೂ ಎಡವುವ ಒಂದು ವಿಷಯ ಹೇಳಿಬಿಡುತ್ತೇನೆ. ಟೆಸ್ಟ್ ಪಾಸಾಗಿ ಪರ್ಮಿಟ್ ಕಾಗದ ಕೈಗೆ ಬಂತು ಅಂದ ತಕ್ಷಣ ಅವತ್ತೇ ಸಂಜೆ ಖಾಲಿ ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗಬೇಡಿ. ಹದಿನೇಳೂವರೆ ತುಂಬದ ಮಕ್ಕಳ ಪರ್ಮಿಟ್, ಲೈಸೆನ್ಸ್ ಇರುವ ಇನ್‌ಸ್ಟ್ರಕ್ಟರ್ ಜೊತೆ ಮೊದಲ ಪಾಠಕ್ಕೆ ಕೂತು ಅವರು ಸಹಿ ಹಾಕುವ ತನಕ ಚಾಲ್ತಿಗೇ ಬರುವುದಿಲ್ಲ. ಹಾಗಾಗಿ ಡಿಎಂವಿಗೆ (ಲೈಸೆನ್ಸ್ ಕೊಡುವ ಇಲ್ಲಿನ ಸರ್ಕಾರಿ ಇಲಾಖೆ, ನಮ್ಮ ಆರ್‌ಟಿಓ ಇದ್ದ ಹಾಗೆ) ಹೋಗುವ ಮುಂಚೆಯೇ ಡ್ರೈವಿಂಗ್ ಸ್ಕೂಲಿನಲ್ಲಿ ದಿನ ಹಿಡಿದಿಟ್ಟುಕೊಳ್ಳಿ. ಬೇಸಿಗೆ ರಜೆಯಲ್ಲಿ ವಾರಗಟ್ಟಲೆ ಕಾಯಬೇಕಾಗಬಹುದು, ನಾವು ಕಾದಿದ್ದೇವೆ.

ಈಗ ಕೋರ್ಸ್. 18 ತುಂಬದವರಿಗೆ ಲೈಸೆನ್ಸ್ ಬೇಕಾದರೆ ಡ್ರೈವರ್ ಎಜುಕೇಶನ್ ಆಗಲೇಬೇಕು. ಅದು 30 ಗಂಟೆ ಕ್ಲಾಸ್‌ರೂಮ್ ಪಾಠಕ್ಕೆ ಸಮ, ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಮುಗಿಸಬಹುದು. (ಹದಿನೇಳೂವರೆ ದಾಟಿದವರು ಇದಿಲ್ಲದೆ ಪರ್ಮಿಟ್ ತೆಗೆದುಕೊಳ್ಳಬಹುದು, ಆದರೆ ಡ್ರೈವಿಂಗ್ ಟೆಸ್ಟಿಗೆ 18 ಆಗುವ ತನಕ ಕಾಯಬೇಕು.) ಕೋರ್ಸ್ ಆರಿಸುವಾಗ ನೋಡಬೇಕಾದ್ದು ಒಂದೇ: ಆ ಸ್ಕೂಲಿಗೆ ಡಿಎಂವಿ ಲೈಸೆನ್ಸ್ ಇದೆಯಾ ಅಂತ. ಡಿಎಂವಿ ಸೈಟಿನಲ್ಲೇ ಹುಡುಕಬಹುದು. ಉಳಿದದ್ದೆಲ್ಲ, ಅನಿಮೇಶನ್ನು, ಆಫರ್ರು, ಪಾಸಾಗದಿದ್ದರೆ ದುಡ್ಡು ವಾಪಸ್ ಅನ್ನುವ ಮಾತು, ಅವರವರ ಅಂಗಡಿ. ಮುಗಿದ ಮೇಲೆ ಸಿಗುವ ಸರ್ಟಿಫಿಕೇಟ್ ಮುಖ್ಯ, ಅದು ಹೇಗೆ ಬರುತ್ತದೆ, ಎಷ್ಟು ದಿನಕ್ಕೆ ಬರುತ್ತದೆ ಅಂತ ದುಡ್ಡು ಕಟ್ಟುವ ಮುಂಚೆ ಕೇಳಿ.

ಆನ್‌ಲೈನ್ ಕೋರ್ಸಿನ ತೊಂದರೆ ಏನಪ್ಪಾ ಅಂದರೆ, ಮಕ್ಕಳು ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತುತ್ತಾ ಹೋಗುತ್ತಾರೆ. ನಮ್ಮವಳೂ ಅದನ್ನೇ ಮಾಡಿದಳು. ಬರೆಯುವ ಟೆಸ್ಟಿನಲ್ಲಿ 18ರ ಒಳಗಿನವರಿಗೆ 46 ಪ್ರಶ್ನೆ, 38 ಸರಿ ಇರಬೇಕು. ಅಂದರೆ 8 ತಪ್ಪಿಗೆ ಮಾಫಿ. ಇವಳು 10 ತಪ್ಪು ಮಾಡಿ, ಮುಖ ಊದಿಸಿಕೊಂಡು ಹೊರಗೆ ಬಂದಳು. ಮತ್ತೆ ಬರೆಯಲು ಒಂದು ವಾರ ಕಾಯಬೇಕು, ಒಂದು ಅರ್ಜಿಗೆ ಒಟ್ಟು ಮೂರೇ ಅವಕಾಶ.

ಆ ವಾರ ನಾವು ಮಾಡಿದ್ದು ಇಷ್ಟೇ. ಡಿಎಂವಿಯ ಹ್ಯಾಂಡ್‌ಬುಕ್ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಮಾದರಿ ಪ್ರಶ್ನೆಗಳೂ ಅಲ್ಲೇ ಇವೆ. ಊಟ ಆದ ಮೇಲೆ ದಿನಾ ಅರ್ಧ ಗಂಟೆ ಓದಿ, ನಂತರ ಇಬ್ಬರೂ ಒಂದು ಸುತ್ತು ನಡೆದು ಬರುತ್ತಿದ್ದೆವು. ದಾರಿಯಲ್ಲಿ ಕಂಡ ಕರ್ಬಿನ (ರಸ್ತೆ ಪಕ್ಕದ ಫುಟ್‌ಪಾತಿನ ಅಂಚುಕಟ್ಟೆ) ಬಣ್ಣ ನೋಡಿ ಹೇಳಬೇಕು: ಕೆಂಪಾದರೆ ನಿಲ್ಲಿಸುವ ಹಾಗೇ ಇಲ್ಲ, ಹಸಿರಾದರೆ ಬೋರ್ಡಿನಲ್ಲಿ ಬರೆದಷ್ಟು ಹೊತ್ತು ಮಾತ್ರ, ಬಿಳಿ ಜನರನ್ನು ಹತ್ತಿಸಿ ಇಳಿಸಲು, ಹಳದಿ ಲೋಡಿಂಗಿಗೆ, ನೀಲಿ ಅಂಗವಿಕಲರ ಪ್ಲಕಾರ್ಡ್ ಇದ್ದವರಿಗೆ. ಇಳಿಜಾರಿನಲ್ಲಿ ಪಾರ್ಕ್ ಮಾಡುವಾಗ ಚಕ್ರ ಯಾವ ಕಡೆ ತಿರುಗಿಸಬೇಕು ಅನ್ನುವ ಪ್ರಶ್ನೆಗೆ ಅವಳು ಎರಡು ಸಲ ತಪ್ಪು ಹೇಳಿದ್ದಳು. ಬಾಯಿಪಾಠ ಬೇಡ, ಬ್ರೇಕ್ ಬಿಟ್ಟುಹೋದರೆ ಕಾರು ಎತ್ತ ಉರುಳುತ್ತದೆ ಹೇಳು ಅಂದೆ. ಕೆಳಮುಖವಾಗಿ ನಿಂತಿದ್ದರೆ ಮುಂದಕ್ಕೆ ಉರುಳುತ್ತದೆ, ಹಾಗಾಗಿ ಚಕ್ರ ಕರ್ಬಿನ ಕಡೆಗೆ. ಮೇಲ್ಮುಖವಾಗಿದ್ದರೆ ಹಿಂದಕ್ಕೆ ಉರುಳಿ ಕರ್ಬಿಗೆ ತಾಗಿ ನಿಲ್ಲಬೇಕು, ಹಾಗಾಗಿ ಚಕ್ರ ರಸ್ತೆಯ ಕಡೆಗೆ. ಕರ್ಬೇ ಇಲ್ಲದಿದ್ದರೆ ಎರಡೂ ಸಲ ರಸ್ತೆಯ ಅಂಚಿನ ಕಡೆಗೆ. ಒಮ್ಮೆ ಕಣ್ಣಿಗೆ ಕಟ್ಟಿದರೆ ಆಯಿತು, ಮರೆಯುವುದಿಲ್ಲ.

ಅರ್ಜಿಯನ್ನು ಮನೆಯಲ್ಲೇ ಆನ್‌ಲೈನ್ ತುಂಬಿ. ಇಲ್ಲಿ ನಮ್ಮ ಕನ್ನಡದವರಿಗೆ ಒಂದು ವಿಶೇಷ ತಲೆನೋವು ಇದೆ, ಅದು ಹೆಸರು. ಇನಿಷಿಯಲ್ ಒಂದು ಕಡೆ, ಊರಿನ ಹೆಸರು ಇನ್ನೊಂದು ಕಡೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಸ್ಕೂಲಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಸ್ಕೂಲಿನಲ್ಲಿ ಏನು ಕರೆಯುತ್ತಾರೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ನೀವು ತೋರಿಸಲಿರುವ ಗುರುತಿನ ದಾಖಲೆಯಲ್ಲಿ ಅಕ್ಷರ ಹೇಗಿದೆಯೋ ಹಾಗೇ ತುಂಬಿ. ಪಾಸ್‌ಪೋರ್ಟ್ ಮತ್ತು ಐ-94 (ಅಮೆರಿಕದೊಳಗೆ ಬಂದದ್ದರ ಸರ್ಕಾರಿ ದಾಖಲೆ) ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಅವುಗಳಲ್ಲೇ ವ್ಯತ್ಯಾಸ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಕೌಂಟರಿನ ಮುಂದೆ ನಿಂತು ನಮ್ಮ ಕಡೆ ಹೆಸರಿಡುವ ಪದ್ಧತಿ ವಿವರಿಸಲು ಹೋದರೆ ಹಿಂದಿನ ಸಾಲಿನವರು ಶಾಪ ಹಾಕುತ್ತಾರೆ.

ಇಲ್ಲೇ ಹುಟ್ಟಿದ ಮಕ್ಕಳಾದರೆ ಅಮೆರಿಕದ ಪಾಸ್‌ಪೋರ್ಟ್ ಅಥವಾ ಬರ್ತ್ ಸರ್ಟಿಫಿಕೇಟ್ ಸಾಕು, ಜೆರಾಕ್ಸ್ ನಡೆಯುವುದಿಲ್ಲ. ಎಚ್-4ನಲ್ಲಿರುವ (ಎಚ್-1ಬಿಯಲ್ಲಿ ಕೆಲಸಕ್ಕೆ ಬಂದವರ ಕುಟುಂಬಕ್ಕೆ ಸಿಗುವ ವೀಸಾ) ಮಕ್ಕಳಿಗೆ ಸಾಮಾನ್ಯವಾಗಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರುವುದಿಲ್ಲ, ಅದಿಲ್ಲದೆಯೂ ಅರ್ಜಿ ಹಾಕಬಹುದು, ಗಾಬರಿ ಬೇಡ. ರಿಯಲ್ ಐಡಿ (ದೇಶದೊಳಗೆ ವಿಮಾನ ಹತ್ತಲೂ ನಡೆಯುವ ಗುರುತಿನ ಕಾರ್ಡ್) ಬೇಕಾದರೆ ವಿಳಾಸಕ್ಕೆ ಎರಡು ದಾಖಲೆ ಕೇಳುತ್ತಾರೆ. ಹದಿನೈದರ ಮಗುವಿನ ಹೆಸರಿಗೆ ಕರೆಂಟ್ ಬಿಲ್ ಎಲ್ಲಿಂದ ಬರಬೇಕು, ಅಲ್ವಾ? ಅಪ್ಪ ಅಮ್ಮನ ಹೆಸರಿನ ಬಿಲ್ ಜೊತೆಗೆ ಸಂಬಂಧ ತೋರಿಸುವ ಬರ್ತ್ ಸರ್ಟಿಫಿಕೇಟ್ ಇಟ್ಟರೆ ಆಗುತ್ತದೆ. ಅರ್ಜಿಗೆ ಅಪ್ಪ ಅಮ್ಮನ ಸಹಿಯೂ ಬೇಕು. ಆ ಸಹಿ ಸುಮ್ನೆ ಅಲ್ಲ, ಮಗು ಮಾಡುವ ಅನಾಹುತದ ಖರ್ಚಿಗೆ ನಾವೂ ಹೊಣೆ ಅಂತ ಅದರ ಅರ್ಥ. ಹಾಗಾಗಿ ಇನ್ಶೂರೆನ್ಸ್ ಕಂಪನಿಗೆ ಒಂದು ಫೋನ್ ಮಾಡಿ, ಪರ್ಮಿಟ್ ಸಿಕ್ಕಿದೆ ಅಂತ ತಿಳಿಸಿ.

ಆಫೀಸಿನಲ್ಲಿ ಶುಲ್ಕ, ಹೆಬ್ಬೆಟ್ಟು, ಫೋಟೋ, ಕಣ್ಣಿನ ಪರೀಕ್ಷೆ, ಆಮೇಲೆ ಟೆಸ್ಟ್. ಕನ್ನಡಕ ಇದ್ದರೆ ಮರೆಯಬೇಡಿ. ಸ್ಕೂಲ್ ಬಿಟ್ಟ ಮೇಲೆ ಹೋಗುವವರು 4:30ಕ್ಕಿಂತ ಮುಂಚೆ ತಲುಪಿರಬೇಕು, ಇಲ್ಲದಿದ್ದರೆ ಅವತ್ತು ಬರೆಯಲು ಬಿಡುವುದಿಲ್ಲ.

ಇಷ್ಟಾದರೆ ಪರ್ಮಿಟ್ ಬಂತು. ಇನ್ನು ಇನ್‌ಸ್ಟ್ರಕ್ಟರ್ ಜೊತೆ 6 ಗಂಟೆ, ನಿಮ್ಮ ಜೊತೆ 50 ಗಂಟೆ, ಅದರಲ್ಲಿ 10 ಗಂಟೆ ರಾತ್ರಿ. ಪಕ್ಕದಲ್ಲಿ ಕೂರುವವರು ಅಪ್ಪ ಅಮ್ಮ ಅಥವಾ 25 ತುಂಬಿದವರಾಗಿರಬೇಕು, ಕ್ಯಾಲಿಫೋರ್ನಿಯಾ ಲೈಸೆನ್ಸ್ ಇರಬೇಕು. ಊರಿಂದ ಬಂದಿರುವ ತಾತ ನಲವತ್ತು ವರ್ಷ ಘಾಟಿಯಲ್ಲಿ ಕಾರು ಓಡಿಸಿದವರೇ ಆಗಿರಲಿ, ಲೆಕ್ಕಕ್ಕೆ ಬರುವುದಿಲ್ಲ.

ಕಲಿಸಲು ಕೂತಾಗ ಗೊತ್ತಾಗುತ್ತದೆ ನಮ್ಮ ಡ್ರೈವಿಂಗ್ ಎಷ್ಟು ಕೆಟ್ಟುಹೋಗಿದೆ ಅಂತ. ಸ್ಟಾಪ್ ಸೈನಿನಲ್ಲಿ ನಾನು ಹದಿನೈದು ವರ್ಷದಿಂದ ನಿಧಾನ ಮಾಡಿ ಹಾಗೇ ಜಾರಿಹೋಗುತ್ತಿದ್ದೆ. ಮೊದಲ ದಿನವೇ ಮಗಳು "ಅಪ್ಪ, ನೀವು ನಿಲ್ಲಿಸೋದೇ ಇಲ್ಲ" ಅಂದಳು. ಪೂರ್ತಿ ನಿಂತಿದೆಯಾ ಅಂತ ಗೊತ್ತಾಗಲು ಒಂದು ಗುರುತು ಇದೆ: ಚಕ್ರ ನಿಂತ ಕ್ಷಣ ಕಾರಿನ ಮೂತಿ ಒಂಚೂರು ಮೇಲೆದ್ದು, ನಮ್ಮ ಬೆನ್ನು ಮೆಲ್ಲಗೆ ಸೀಟಿಗೆ ತಾಗುತ್ತದೆ. ಬೆನ್ನು ತಾಗುವ ತನಕ ಬ್ರೇಕ್ ಬಿಡಬೇಡ ಅಂತ ಹೇಳಿಕೊಟ್ಟೆ, ನಾನೂ ಕಲಿತೆ. ನಾಲ್ಕೂ ಕಡೆ ಸ್ಟಾಪ್ ಇದ್ದರೆ ಮೊದಲು ಬಂದವರು ಮೊದಲು, ಒಟ್ಟಿಗೆ ಬಂದರೆ ಬಲಗಡೆಯವರು ಮೊದಲು. ಹಾರ್ನ್ ಹೊಡೆದು ದಾರಿ ಮಾಡಿಕೊಳ್ಳುವ ನಮ್ಮ ಹಳೇ ಅಭ್ಯಾಸಕ್ಕೆ ಇಲ್ಲಿ ಜಾಗ ಇಲ್ಲ. ಇನ್ನೊಂದು, ನಾವು ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡುವುದನ್ನು ಅವರು ನೋಡಿರುತ್ತಾರೆ, ಆದರೆ 18ರ ಒಳಗಿನವರಿಗೆ ಅದೂ ನಿಷೇಧ.

ಪರ್ಮಿಟ್ ಸಿಕ್ಕಿ 6 ತಿಂಗಳು ಕಳೆದು, 16 ತುಂಬಿದ ಮೇಲೆ ಡ್ರೈವಿಂಗ್ ಟೆಸ್ಟ್. ಫೇಲಾದರೆ 14 ದಿನ ಕಾಯಬೇಕು. ಪಾಸಾದರೂ ಮೊದಲ ಒಂದು ವರ್ಷ ರಾತ್ರಿ 11ರಿಂದ ಬೆಳಿಗ್ಗೆ 5ರ ತನಕ ಒಬ್ಬರೇ ಓಡಿಸುವ ಹಾಗಿಲ್ಲ, ದೊಡ್ಡವರು ಪಕ್ಕದಲ್ಲಿಲ್ಲದೆ 20ರ ಒಳಗಿನ ಗೆಳೆಯರನ್ನು ಕೂರಿಸಿಕೊಳ್ಳುವ ಹಾಗೂ ಇಲ್ಲ. ಇದನ್ನು ಮಗುವಿಗೆ ಮುಂಚೆಯೇ ಹೇಳಿಬಿಡಿ, ಲೈಸೆನ್ಸ್ ಬಂದ ದಿನ ಮನೆ ಮುಂದೆ ನಾಲ್ಕು ಜನ ಗೆಳತಿಯರು ಬ್ಯಾಗ್ ಹಿಡಿದು ನಿಂತಿರುತ್ತಾರೆ.

50 ಗಂಟೆ ಆಗಿದೆ ಅಂತ ಕೊನೆಗೆ ಸಹಿ ಹಾಕಬೇಕಾದವರು ನಾವೇ. ಗ್ಲೋವ್ ಬಾಕ್ಸಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟು ತಾರೀಖು, ಎಷ್ಟು ನಿಮಿಷ, ಹಗಲೋ ರಾತ್ರಿಯೋ ಅಂತ ಕಾರು ನಿಲ್ಲಿಸಿದ ತಕ್ಷಣ ಬರೆದುಕೊಳ್ಳಿ. ರಾತ್ರಿಯ 10 ಗಂಟೆಯನ್ನು ಚಳಿಗಾಲಕ್ಕೆ ಇಟ್ಟುಕೊಂಡರೆ ಸುಲಭ, ಡಿಸೆಂಬರಿನಲ್ಲಿ ಸಂಜೆ ಐದೂವರೆಗೇ ಕತ್ತಲಾಗಿರುತ್ತದೆ, ಹಾಲು ತರಲು ಹೋಗಿ ಬಂದರೂ ಅರ್ಧ ಗಂಟೆ ಸೇರುತ್ತದೆ.