ಕತ್ತಿನಿಂದ ಹೆಗಲ ಹಿಂದಿನವರೆಗೆ, ನರ ಎಲ್ಲೂ ಕಡಿಯದ ಹಾಗೆ: ನನ್ನ ಅನುಭವ

ಅಂತೂ ಅನಾಟಮಿ ಮ್ಯೂಸಿಯಂಗೆಂದು ದಾನದ ದೇಹದಿಂದ ಬಿಡಿಸಿದ ಹೆಗಲಿನ ಸ್ಪೆಸಿಮನ್ ಜಾರ್ ಸೇರಿತು. ಹೆಗಲ ಹಿಂದಿನ ಎರಡು ಸ್ನಾಯುಗಳಿಗೆ ಹೋಗುವ ಸುಪ್ರಾಸ್ಕ್ಯಾಪುಲರ್ ನರ, ಕತ್ತಿನ ನರಗಳ ಕಟ್ಟಾದ ಅಪ್ಪರ್ ಟ್ರಂಕ್‌ನಿಂದ ಹೆಗಲೆಲುಬಿನ ಹಿಂದಿನ ಇನ್‌ಫ್ರಾಸ್ಪೈನೇಟಸ್ ಸ್ನಾಯುವಿನವರೆಗೆ ಇಡಿಯಾಗಿ ಕಾಣುತ್ತದೆ. ‘ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಬಾಡಿಯಲ್ಲಿ ಇದೆಲ್ಲ ಆಗಲ್ಲಪ್ಪ, ಸ್ಕ್ಯಾಪುಲಾದ ಸ್ಪೈನ್ (ಹೆಗಲೆಲುಬಿನ ಹಿಂದಿನ ಏಣು) ಕೊಯ್ಯಲೇಬೇಕು’ ಅಂದಿದ್ದ ನಮ್ಮ ಸೀನಿಯರ್ರೇ ಈಗ ಹುಡುಗರನ್ನು ಕರೆದು ತೋರಿಸುತ್ತಾರೆ.

ಆ ಏಣಿನ ಮೇಲಿನ ಸ್ನಾಯು ಸುಪ್ರಾಸ್ಪೈನೇಟಸ್ ಅನ್ನು ನಡುವೆ ಕತ್ತರಿಸಿ ಹೊರಕ್ಕೆ ಮಗುಚಿದರೆ ನರ ಸಿಗುತ್ತದೆ, ನಿಜ. ಪಾಠಕ್ಕೆ ಅಷ್ಟು ಸಾಕು, ಮ್ಯೂಸಿಯಂಗೆ ಸಾಲದು. ಈ ಸ್ನಾಯುವಿಗೆ ಹೋಗುವ ನರದ ಕವಲುಗಳು ನಾಚ್ (ಹೆಗಲೆಲುಬಿನ ಮೇಲಂಚಿನ ಕಚ್ಚು) ದಾಟಿದ ಕೂಡಲೇ, ಹೆಚ್ಚುಕಮ್ಮಿ 1 ಸೆಂಟಿಮೀಟರ್ ಒಳಗೇ ಹೊರಡುತ್ತವೆ. ಮಗುಚಿದ ಎಳೆತಕ್ಕೆ ಬುಡಸಮೇತ ಕಿತ್ತು ಬರುತ್ತವೆ. ಒಂದು ವರ್ಷ ಸಿಕ್ಕ ಹೆಗಲೆಲ್ಲ ಹೀಗೇ ಹೋದವು. ದಾನದ ದೇಹ, ಹೊಟ್ಟೆ ಉರಿಯುತ್ತೆ ಅಲ್ವಾ?

ಆಮೇಲೆ ಎರಡು ತುದಿಯಿಂದ ಬಂದೆ. ಹಿಂದೆ ಇನ್‌ಫ್ರಾಸ್ಪೈನೇಟಸ್ ಅನ್ನು ಒಳ ಅಂಚಿನಿಂದ ಎಬ್ಬಿಸಿ, ಏಣಿನ ಹೊರಬದಿಯ ಎರಡನೇ ಕಚ್ಚಾದ ಸ್ಪೈನೋಗ್ಲೆನಾಯ್ಡ್ ನಾಚ್ ಹತ್ತಿರ ನರ ಹಿಡಿದೆ. ಮುಂದೆ ಕ್ಲಾವಿಕಲ್ (ಕೊರಳೆಲುಬು) ಅನ್ನು ಸ್ಟರ್ನಮ್ (ಎದೆ ಮೂಳೆ) ಕಡೆ ಬಿಡಿಸಿ ಎತ್ತಿ, ಕತ್ತಿನ ತೆಳು ಸ್ನಾಯು ಓಮೊಹಯಾಯ್ಡ್‌ನ ಜಾಡು ಹಿಡಿದು ಮೊದಲ ನಾಚ್‌ವರೆಗೆ ಬಂದೆ. ಸುಪ್ರಾಸ್ಪೈನೇಟಸ್ ಮುಟ್ಟಿದ್ದು ಕೊನೆಗೆ. ಕತ್ತರಿಸಲಿಲ್ಲ. ಪೆರಿಯಾಸ್ಟಿಯಂ (ಮೂಳೆಯ ಪೊರೆ) ಸಮೇತ ಕೆರೆದು ಇಡೀ ಸ್ನಾಯು ಎಬ್ಬಿಸಿದೆ. ಕೆರೆದಿದ್ದು ಅಂಚು ಮಸೆದ ಹಳೇ ಸ್ಟೀಲ್ ಚಮಚದಲ್ಲಿ. ನಗಬೇಡಿ, ಇದಕ್ಕೆಂದೇ ಇರುವ ನಮ್ಮ ಎಲಿವೇಟರ್ ಉಪಕರಣಕ್ಕಿಂತ ವಾಸಿ.

ಮೊದಲ ನಾಚ್ ಮೇಲಿನ ಲಿಗಮೆಂಟ್ (ಅಡ್ಡ ಕಟ್ಟು) ಹಾಗೇ ಉಳಿಸಿದ್ದೇನೆ. ಬಿಳಿ ಲಾಡಿಯ ತುಂಡಿನಂತೆ ಅಡ್ಡ ಬಿಗಿದುಕೊಂಡಿದೆ. ಮೇಲೆ ಆರ್ಟರಿ, ಅಡಿಯಲ್ಲಿ ನರ. ‘ಆರ್ಮಿ (ಆರ್ಟರಿ) ಮೇಲೆ, ನೇವಿ (ನರ್ವ್) ಕೆಳಗೆ’ ಅಂತ ಬಾಯಿಪಾಠ ಮಾಡುವ ಹುಡುಗರು ಈಗ ಕಣ್ಣಾರೆ ನೋಡುತ್ತಾರೆ. ಕೀಲಿಗೆ ಹೋಗುವ ಸಣ್ಣ ಕವಲೂ ಒಂದು ಉಳಿದಿದೆ. ಅದನ್ನು ಹೇಗೆ ಉಳಿಸಿಕೊಂಡೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಮೂಳೆ ಪೆಟ್ಟಿಗೆಯ ಸ್ಕ್ಯಾಪುಲಾಗಳನ್ನೆಲ್ಲ ಹರಡಿಕೊಂಡು ಕೂತೆ. ಈ ನಾಚ್‌ನ ಆಕಾರಗಳನ್ನು ಆರು ಬಗೆ ಮಾಡಿದ ರೆಂಗಾಚಾರಿಯವರ 1979ರ ವಿಂಗಡಣೆಯಲ್ಲಿ ಅರ್ಧದಷ್ಟು ನಾಚ್‌ಗಳು ಮೂರನೇ ಬಗೆ. ಲಿಗಮೆಂಟ್ ಪೂರ್ತಿ ಮೂಳೆಯಾದ ಆರನೇ ಬಗೆ ಶೇ. 4ರ ಆಸುಪಾಸು. ನಮ್ಮಲ್ಲಿ ಅಂಥದ್ದು ಒಂದು ಸಿಕ್ಕಿತು. ತೂತಿನಲ್ಲಿ ಹಳದಿ ದಾರ ಪೋಣಿಸಿ ಜಾರ್ ಪಕ್ಕದಲ್ಲೇ ಇಟ್ಟೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಜಾಸ್ತಿ ಕೆಲಸಕ್ಕೆ ಬಂದಿದ್ದು ಅದೇ.

ದುಡ್ಡಿನ ವಿಷಯ. ಜಾರ್ ಮಾಡಿಸಲು ಹೊರಗೆ 7-8 ಸಾವಿರ ಕೇಳಿದರು. ಪರ್ಸ್ಪೆಕ್ಸ್ (ಪಾರದರ್ಶಕ ಪ್ಲಾಸ್ಟಿಕ್) ಶೀಟ್ ತಂದು ಕ್ಲೋರೋಫಾರ್ಮ್‌ನಲ್ಲಿ ನಾನೇ ಅಂಟಿಸಿದೆ, 2,500 ದಾಟಿಲ್ಲ. ಮೊದಲನೇ ಜಾರ್ ಮೂಲೆಯಲ್ಲಿ ಫಾರ್ಮಲಿನ್ ಸೋರಿ, ಅದರ ಘಾಟಿಗೆ ಮ್ಯೂಸಿಯಂನಲ್ಲಿ ಕಣ್ಣು ಬಿಡೋಕಾಗಲಿಲ್ಲ. ನರಕ್ಕೆ ಬಳಿದ ಎನಾಮಲ್ ಪೇಂಟ್ ಕೆಲವೇ ತಿಂಗಳಲ್ಲಿ ಸಿಪ್ಪೆ ಎದ್ದಿತು. ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ ಅಕ್ರಿಲಿಕ್ ಹಚ್ಚಿದ ಮೇಲೆ ನಿಂತಿದೆ. ಬಿಲ್ ಇನ್ನೂ ಪಾಸಾಗಿಲ್ಲ.

ವಾಲಿಬಾಲ್ ಆಡುವವರಲ್ಲಿ ಕೆಲವರಿಗೆ ಇನ್‌ಫ್ರಾಸ್ಪೈನೇಟಸ್ ಮಾತ್ರ ಸೊರಗುತ್ತದಲ್ಲ, ಆಗ ನರಕ್ಕೆ ತೊಂದರೆ ಎಲ್ಲಿ ಅಂತ ಕೇಳಿದರೆ ಹುಡುಗರು ಈಗ ನೇರ ಎರಡನೇ ನಾಚ್‌ಗೆ ಬೆರಳು ಇಡುತ್ತಾರೆ. ಸುಪ್ರಾಸ್ಪೈನೇಟಸ್‌ನ ಕವಲು ಅದಕ್ಕಿಂತ ಮೊದಲೇ ಹೊರಟಿರುವುದು ಎದುರಿಗೇ ಇದೆ.

ಎಡ ಹೆಗಲಲ್ಲಿ ಈಗ ಡಾರ್ಸಲ್ ಸ್ಕ್ಯಾಪುಲರ್ ನರಕ್ಕೆ ಕೈ ಹಾಕಿದ್ದೇನೆ. ಬೆನ್ನಿನ ರಾಂಬಾಯ್ಡ್ ಸ್ನಾಯುವಿನ ಕಡೆ ಸುಲಭ. ಕತ್ತಿನ ಸ್ಕೇಲೀನಸ್ ಮೀಡಿಯಸ್ ಸ್ನಾಯುವನ್ನು ನರ ತೂರುವ ಜಾಗಕ್ಕೆ ಚಮಚ ದಪ್ಪವಾಯಿತು, ಬೇರೆ ಏನಾದರೂ ಮಸೆಯಬೇಕು.